ಯಾಯೀರನ ಮಗಳ ಹಸಿವು

ಏಕನಾಥ ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನವನಗರದ ರಾಜೇಶ್ವರಿಯವರ ಮನೆಯಲ್ಲಿ ಪ್ರತಿ ಬುಧವಾರ ಸಂಜೆ ಏಳೆಂಟು ಜನ ಸೇರಿ ಮಾಡುವ ಬೈಬಲ್ ಅಧ್ಯಯನವನ್ನು ಹತ್ತು ವರ್ಷಗಳಿಂದ ಅವರೇ ನಡೆಸುತ್ತಿದ್ದರು. ಪ್ರಶ್ನೆ ಕೇಳುವವರೂ ಅವರೇ, ಉತ್ತರ ಹೇಳುವವರೂ ಅವರೇ. ಉಳಿದವರು ತಲೆಯಾಡಿಸಿ, ಪ್ರಾರ್ಥನೆ ಮುಗಿಸಿ, ಚಹಾ ಕುಡಿದು ಹೋಗುತ್ತಿದ್ದರು.

ಜೂನ್ ತಿಂಗಳಿನಿಂದ ಕೃಪಾವತಿ ಬರತೊಡಗಿದಳು. ಗೋಕುಲ ರಸ್ತೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಕೆಲಸ ಅವಳದು. ಓದಲು ಬಾರದು, ಸುಮ್ಮನೆ ಕೂತು ಕೇಳುವಳು. ಅವಳ ಬಗ್ಗೆ ಮಾಸ್ತರರಿಗೆ ಅಷ್ಟೇ ಗೊತ್ತಿತ್ತು.

ಆ ಬುಧವಾರದ ಪಾಠ ಯಾಯೀರನದು. ಸಾಯುತ್ತಿದ್ದ ಹನ್ನೆರಡು ವರ್ಷದ ಮಗಳಿಗಾಗಿ ಅವನು ಯೇಸುವಿನ ಕಾಲಿಗೆ ಬಿದ್ದದ್ದು, ದಾರಿಯಲ್ಲೇ ಸಾವಿನ ಸುದ್ದಿ ಬಂದದ್ದು, ಆದರೂ ಯೇಸು ಅವನ ಮನೆಗೆ ಹೋಗಿ ಹುಡುಗಿಯ ಕೈ ಹಿಡಿದು ಎಬ್ಬಿಸಿದ್ದು. ಮಾಸ್ತರರು ನಂಬಿಕೆಯ ಬಗ್ಗೆ ನಾಲ್ಕು ಅಂಶ ಬರೆದುಕೊಂಡು ಬಂದಿದ್ದರು. ಮೂರನೆಯದನ್ನು ಹೇಳುತ್ತಿರುವಾಗ ಕೃಪಾವತಿ ಬಾಯಿ ತೆರೆದಳು.

"ನನ್ನ ಮಗಳಿಗೂ ಹನ್ನೆರಡ ವರ್ಷಾನ ಇತ್ರಿ, ಮಾಸ್ತರ. ಜ್ವರ ಬಂದಾಗ ನಾನೂ ಹಿಂಗ ಬೇಡಕೊಂಡೆ. ಅವರ ಮನಿಗೆ ಹೋದ ಸ್ವಾಮಿ ನಮ್ಮ ಮನಿಗ್ಯಾಕ ಬರಲಿಲ್ರಿ?"

ದೇವರ ಚಿತ್ತ, ಪರೀಕ್ಷೆ, ಪರಲೋಕ ಎಂದು ಉತ್ತರಗಳೇನೋ ಮಾಸ್ತರರ ನಾಲಿಗೆಯ ತುದಿಗೆ ಬಂದವು. ಅವಳ ಮುಖ ನೋಡಿ ಒಂದನ್ನೂ ಆಡಲಾಗಲಿಲ್ಲ.

"ಗೊತ್ತಿಲ್ಲ, ತಂಗಿ," ಎಂದರು. "ಇಷ್ಟ ವರ್ಷ ಓದೇನಿ. ಖರೇನ ನನಗ ಗೊತ್ತಿಲ್ಲ."

ರಾಜೇಶ್ವರಿ ಎದ್ದು ಹೋಗಿ ಅವಳ ಪಕ್ಕ ಕೂತರು. ವರ್ಷಗಟ್ಟಲೆ ತುಟಿ ಬಿಚ್ಚದಿದ್ದ ಎಲೆಕ್ಟ್ರಿಷಿಯನ್ ಪ್ರಸಾದ, ತನ್ನ ಅಣ್ಣ ಅಪಘಾತದಲ್ಲಿ ತೀರಿಕೊಂಡಂದಿನಿಂದ ತನಗೆ ಪ್ರಾರ್ಥನೆಯೇ ಬರುತ್ತಿಲ್ಲವೆಂದು ಹೇಳಿಕೊಂಡ. ನಾಲ್ಕನೆಯ ಅಂಶ ಹಾಗೇ ಉಳಿಯಿತು.

ವಾರವಿಡೀ ಮಾಸ್ತರರಿಗೆ ಸಮಾಧಾನವಿರಲಿಲ್ಲ. ಅವಳಿನ್ನು ಬರಲಾರಳು, ಅಧ್ಯಯನ ನಡೆಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿರೆಂದು ಚರ್ಚಿನ ಸಭಾಪಾಲಕರಿಗೆ ಹೇಳಿಬಿಡಬೇಕು ಎಂದುಕೊಂಡರು. ಆದರೆ ಬುಧವಾರ ಅವರಿಗಿಂತ ಮೊದಲೇ ಕೃಪಾವತಿ ಬಂದಿದ್ದಳು. ಹೋದ ವಾರದ ಕಥೆಯ ಕೊನೆಯನ್ನು ಇನ್ನೊಮ್ಮೆ ಓದಿರೆಂದು ಕೇಳಿದಳು. ಓದಿದರು. ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು ಯೇಸು ಹೇಳುವಲ್ಲಿ ಅವಳು ಕೈ ಎತ್ತಿ ತಡೆದಳು.

"ಎಲ್ಲಾರೂ ಬೆರಗಾಗಿ ನಿಂತಾರ್ರಿ. ಕೂಸಿಗೆ ಹಸಿವಾಗಿರ್ತೈತಿ ಅನ್ನೂದು ಅವನೊಬ್ಬನ ಲಕ್ಷ್ಯಕ್ಕ ಬಂತು ನೋಡ್ರಿ." ಎಂದಳು. "ನನ್ನ ಪ್ರಶ್ನೆ ಹಂಗ ಐತಿ. ಆದ್ರ ಇಂಥಾವನ ಮುಂದ ಕೇಳಬಹುದು ಅನಸ್ತು."

ಆ ಅಧ್ಯಾಯವನ್ನು ಮಾಸ್ತರರು ಎಷ್ಟು ಸಲ ಕಲಿಸಿದ್ದರೋ ಲೆಕ್ಕವಿಲ್ಲ. ಆ ಸಾಲಿನ ಮೇಲೆ ಒಮ್ಮೆಯೂ ನಿಂತಿರಲಿಲ್ಲ. ಮುಂದಿನ ಬುಧವಾರ ನೀನೇ ನಡೆಸಬೇಕೆಂದು ಅವಳಿಗೆ ಹೇಳಿದರು. ಅಕ್ಷರ ಬಾರದವಳು ಹೇಗೆ ನಡೆಸಲೆಂದು ಅವಳು ಹಿಂಜರಿದಾಗ, ಓದುವುದು ನನಗಿರಲಿ, ಕಥೆ ಹೇಳುವುದು ನಿನಗಿರಲಿ ಎಂದರು.

ಮರುವಾರ ಅವಳು ಮರುಭೂಮಿಯಲ್ಲಿ ಮಗನೊಂದಿಗೆ ನೀರಿಲ್ಲದೆ ಅಲೆದ ಹಾಗರಳ ಕಥೆ ಹೇಳಿದಳು. ತಾಯಿ ಮಗನನ್ನು ಪೊದೆಯ ಕೆಳಗೆ ಬಿಟ್ಟಲ್ಲಿಗೆ ಬಂದಾಗ ಅವಳು ಪ್ರಸಾದನತ್ತ ನೋಡಿದಳು; ಅವನು ಮುಂದುವರಿಸಿದ. ಅವನು ಮರೆತದ್ದನ್ನು ರಾಜೇಶ್ವರಿ ಸೇರಿಸಿದರು. ಮಾತು ಬೆಳೆದು ಮಾಸ್ತರರಿಗೆ ಧಾರವಾಡದ ತಮ್ಮ ಮನೆಗೆ ಹೋಗುವ ಬಸ್ಸು ತಪ್ಪಿತು. ಪ್ರಸಾದ ಅವರನ್ನು ತನ್ನ ಬೈಕಿಗೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ. ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು ಕೇಳುತ್ತ ಹೋದರು.