ನೆಲ ಕಚ್ಚಿದ ಬೆಳೆ

ಗುದ್ದಲಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನೆಲ ಸುಮ್ಮನಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಪ್ರತಿ ವರ್ಷವೂ ಎಳ್ಳು ಬೆಳೆಯುತ್ತಿದ್ದವಳು ಈ ಸಲ ಮೊದಲ ಬಾರಿಗೆ ಕಡಲೆಕಾಯಿ ಬಿತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಮೊಳಕೆ, ತಿಂಗಳಿಗೆ ಹಳದಿ ಹೂ. ಬೆಳಿಗ್ಗೆ ಅರಳಿದ್ದು ಸಂಜೆಗೆ ಬಾಡಿತು. ಆಮೇಲೆ? ಎಳ್ಳಿನಲ್ಲಾದರೆ ಹೂವಿದ್ದ ಕಡೆಯೇ ಕಾಯಿ ಕೂರುತ್ತದೆ. ಇಲ್ಲಿ ಗಿಡವೆಲ್ಲ ತಡಕಿದರೂ ಕಾಯಿಯ ಸುಳಿವಿಲ್ಲ.

"ಈ ಗಿಡ ನನ್ನ ಕಿವಿಗೇ ಹೂ ಇಟ್ಟಿತಲ್ಲೇ!" ಎಂದಳು ಸೊಸೆಗೆ. "ಬುಡ ಕೆದಕಿದ್ರೆ ಬುದ್ಧಿ ಬರುತ್ತೆ."

ಅಂಚಿನ ನಾಲ್ಕು ಗಿಡಗಳ ಬುಡ ಅಗೆದೂ ಬಿಟ್ಟಳು. ಸೊಸೆ ಓಡಿಹೋಗಿ ಬೀಜದಂಗಡಿಯವಳನ್ನು ಕರೆತಂದಳು.

ಅಂಗಡಿಯವಳು ಬಗ್ಗಿ ನೋಡಿದವಳೇ, "ಅಕ್ಕಾ, ನಿನ್ನ ಬೆಳೆ ನೆಲ ಕಚ್ಚಿದೆಯಲ್ಲ!" ಎಂದಳು.

ಅಕ್ಕ ಬದುವಿನ ಮೇಲೆ ಕುಸಿದಳು. "ಮುಗೀತಾ?"

"ಮುಗಿಯೋದೇನು, ಈಗ ಶುರು! ನೋಡಿಲ್ಲಿ."

ಹೂ ಬಾಡಿದ ಜಾಗದಿಂದ ಸೂಜಿಯಂಥ ಕಡ್ಡಿಯೊಂದು ನೇರ ಮಣ್ಣಿಗೆ ಇಳಿದಿತ್ತು. "ಇದರ ತುದೀಲಿ, ಮಣ್ಣೊಳಗೇ ಕಾಯಿ ಕಟ್ಟೋದು."

"ತಲೇಲಿ ಹೂ, ಕಾಲಡಿ ಕಾಯಿನಾ? ಯಾರಿಗೆ ಹೇಳ್ತೀಯ!"

"ನಂಬಬೇಡ. ಬೆರಳಲ್ಲಿ ಮಣ್ಣು ಸರಿಸು."

ಅಕ್ಕ ಸರಿಸಿದಳು. ಸೂಜಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಉಬ್ಬು. ಇನ್ನೊಂದು ಗಿಡಕ್ಕೆ ಹೋದಳು. ಅಲ್ಲೂ ಇತ್ತು. ಮಗುವಿನ ಮೊದಲ ಹಲ್ಲು ಕಂಡವಳ ಹಾಗೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಂಚಿನ ನಾಲ್ಕು ಗಿಡಗಳ ಕಡೆ ತಿರುಗಿದಳು. ಸೂಜಿಗಳೆಲ್ಲ ಮುರಿದು ಬಿದ್ದಿದ್ದವು.

"ಇವು ಮತ್ತೆ ಇಳಿಯಲ್ವಾ?"

"ಮುರಿದದ್ದು ಮುರಿದದ್ದೇ." ಅಂಗಡಿಯವಳು ಗಿಡದ ಸಣ್ಣ ದನಿ ತೆಗೆದಳು: "'ಅಮ್ಮಾ, ಈಗಷ್ಟೇ ಕಾಲೂರ್ತಿದ್ದೀನಿ, ಕೆದಕಬೇಡ!' ಗುದ್ದಲಿ ಕೆಲಸವೆಲ್ಲ ಸೂಜಿ ಇಳಿಯೋಕೆ ಮುಂಚೆ ಮುಗೀಬೇಕು. ಈಗ ಕಳೆ ಬಂದ್ರೆ ಕೈಯಲ್ಲಿ ಕೀಳು. ಮಣ್ಣಲ್ಲಿ ತೇವ ಇರಲಿ, ಗಟ್ಟಿ ನೆಲಕ್ಕೆ ಸೂಜಿ ಇಳಿಯಲ್ಲ."

"ಕಾಯಿ ಬಲಿತದ್ದು ಗೊತ್ತಾಗೋದು ಹೇಗೆ? ಅದು ಮಣ್ಣಲ್ಲಿ ಮುಖ ಮುಚ್ಕೊಂಡಿರುತ್ತಲ್ಲ!"

"ಒಂದು ಗಿಡ ಕಿತ್ತು ಕಾಯಿ ಒಡಿ. ಸಿಪ್ಪೆಯ ಒಳಮೈ ಬೆಳ್ಳಗಿದ್ರೆ ಎಳಸು, ಕಪ್ಪಾಗಿದ್ರೆ ಬಲಿತಿದೆ."

ಅಕ್ಕ ಗುದ್ದಲಿಯನ್ನು ಸೊಸೆಯ ಕೈಗಿಟ್ಟಳು. "ಅಟ್ಟದ ಮೇಲೆ ಬಚ್ಚಿಡೇ. ನಾನು ಅಂಗಲಾಚಿದ್ರೂ ಕೊಡಬೇಡ."

ನಿಮ್ಮ ಕಡಲೆಕಾಯಿ ಹೊಲದಲ್ಲೂ ಹೂ ಮಾಯವಾಗಿದೆಯೇ? ಗಾಬರಿ ಬೇಡ. ಬಗ್ಗಿ ನೋಡಿ, ಬಗೆದು ನೋಡಬೇಡಿ. ಈ ಬೆಳೆ ನೆಲ ಕಚ್ಚಿದರೇ ನಾವು ತಲೆ ಎತ್ತೋದು!