ಜೂನ್ ಹದಿನಾಲ್ಕರಂದು ಸತ್ತ ಮೂಸ್

ನಮ್ಮ ಮನೆಯಲ್ಲಿ ಬೇಟೆಗೆ ಹೋಗುವವನು ನನ್ನ ಗಂಡ ವರ್ಲಿನ್, ಬೇಟೆಯ ನಿಯಮಪುಸ್ತಕ ಓದುವವಳು ನಾನು. ಇದು ತಿರುಗುಮುರುಗು ಎಂದು ನಲವತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪುಸ್ತಕಕ್ಕೆ ನೂರಾಹನ್ನೆರಡು ಪುಟ. ಮೇವಿನ ಅಂಗಡಿಯ ಬಾಗಿಲ ಬಳಿ ರಾಶಿ ಹಾಕಿರುತ್ತಾರೆ, ಬೇಕಾದವರು ಎತ್ತಿಕೊಳ್ಳಬಹುದು. ವರ್ಲಿನ್ ಒಂದನ್ನು ತರುತ್ತಾನೆ, ಬಟ್ಟೆ ಒಗೆಯುವ ಯಂತ್ರದ ಕುಂಟು ಕಾಲಿನ ಕೆಳಗಿನಿಂದ ಹಳೆಯದನ್ನು ತೆಗೆದು ಹೊಸದನ್ನು ತುರುಕುತ್ತಾನೆ. ಅಲ್ಲಿಗೆ ಅವನ ಅಧ್ಯಯನ ಮುಗಿಯಿತು. ನಾನೋ, ಮೂವತ್ತೊಂದು ವರ್ಷ ನಮ್ಮೂರು ಟ್ಯಾಮರಾಕ್ ಫೆರಿಯ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಅಚ್ಚಾದ ನಿಯಮ ಕಣ್ಣಿಗೆ ಬಿದ್ದರೆ ಓದದೆ ಬಿಡುವುದು ನನ್ನಿಂದಾಗದು.

ಹದಿನೆಂಟು ಏಪ್ರಿಲ್‌ಗಳು ವರ್ಲಿನ್ ಮೂಸ್ ಬೇಟೆಗೆ, ಕುದುರೆಗಿಂತ ಎತ್ತರದ ಆ ಕಾಡುಜಿಂಕೆಯ ಬೇಟೆಗೆ, ಅರ್ಜಿ ಹಾಕಿದ. ನಮ್ಮ ಕಣಿವೆಗೆ ವರ್ಷಕ್ಕೆ ಮೂರೇ ಟ್ಯಾಗು, ಅಂದರೆ ಒಂದು ಪ್ರಾಣಿ ಹೊಡೆಯಲು ಪರವಾನಗಿಯ ಚೀಟಿ. ಸಿಕ್ಕರೆ ಜೀವನದಲ್ಲಿ ಒಂದೇ ಸಲ. ಚೀಟಿ ಎತ್ತುವಾಗ ಹದಿನೆಂಟು ವರ್ಷ ಕಾದವನಿಗೂ ಮೊನ್ನೆ ಮೊನ್ನೆ ಬಂದೂಕು ಕೊಂಡವನಿಗೂ ಒಂದೇ ಲೆಕ್ಕ. ಸಾಲದ್ದಕ್ಕೆ ಮೂಸ್‌ಗೆ ಅರ್ಜಿ ಹಾಕಿದವನು ಆ ವರ್ಷ ಎಲ್ಕ್ ಜಿಂಕೆಯ ಚೀಟಿಗೆ ಕೈಹಾಕುವ ಹಾಗಿಲ್ಲ. ಹಾಗಾಗಿ ಹದಿನೆಂಟು ವರ್ಷ ನಮ್ಮ ಅತ್ತಿಗೆಯಂದಿರ ಮನೆಗಳಲ್ಲಿ ಎಲ್ಕ್ ಮಾಂಸ ತುಂಬಿರುತ್ತಿತ್ತು, ನಮ್ಮ ಶೀತಪೆಟ್ಟಿಗೆಯಲ್ಲಿ ಅಂಗಡಿಯ ಕೋಳಿ. ನನ್ನ ತಮ್ಮ ಡ್ವೇನ್ ಕಾಫಿ ಕುಡಿಯಲು ಬಂದಾಗಲೆಲ್ಲ, ನಿನ್ನ ಗಂಡ ಅರ್ಜಿ ಹಾಕುವುದನ್ನೇ ಬೇಟೆ ಅಂದುಕೊಂಡಿದ್ದಾನೆ ಎಂದು ಕೆಣಕುತ್ತಿದ್ದ.

ಹದಿನೆಂಟನೆಯ ವರ್ಷ ಜೂನ್‌ನಲ್ಲಿ ಚೀಟಿ ಎತ್ತಿದಾಗ ಅವನ ಹೆಸರು ಬಂತು.  ವರ್ಲಿನ್ ಹೊರಗೆ ಹೋಗಿ ಪಿಕಪ್ ಗಾಡಿಯನ್ನು ಎರಡು ಸಲ ತೊಳೆದ. ಅವನಿಗೆ ಎಪ್ಪತ್ತೊಂದು. ಎಡಗಡೆಯ ಸೊಂಟದ ಕೀಲು ಬದಲಿಸಲು ಡಾಕ್ಟರು ಸೆಪ್ಟೆಂಬರ್ ಹನ್ನೆರಡು ಎಂದು ಗೊತ್ತು ಮಾಡಿದ್ದರು. ಅದಾದ ಮೇಲೆ ಕೆಸರು, ಜೌಗು, ಬಿದ್ದ ಮರ ಇವನ್ನೆಲ್ಲ ಮರೆತುಬಿಡಿ ಅಂದಿದ್ದರು. ಬೇಟೆ ಶುರುವಾಗುವುದು ಸೆಪ್ಟೆಂಬರ್ ಒಂದಕ್ಕೆ. ಅಂದರೆ ಇಡೀ ಆಯುಷ್ಯದಲ್ಲಿ ಅವನಿಗೆ ಇದ್ದದ್ದು ಹನ್ನೊಂದು ದಿನ. ಆಗಸ್ಟ್ ಪೂರ್ತಿ, ಬೀವರ್ ಪ್ರಾಣಿಗಳು ಹಳ್ಳಕ್ಕೆ ಅಡ್ಡ ಕಟ್ಟಿದ ಕಟ್ಟೆಯ ಮೇಲ್ಗಡೆಯ ವಿಲೋ ಪೊದೆಗಳಲ್ಲಿ ಒಂದು ಗಂಡು ಮೂಸನ್ನು ದುರ್ಬೀನಿನಲ್ಲಿ ನೋಡಿಕೊಂಡು ಬರುತ್ತಿದ್ದ. ಬಂದು ಊಟಕ್ಕೆ ಕೂತು, ಇವತ್ತು ಅದು ನೀರಿನಲ್ಲಿ ಎಷ್ಟು ಹೊತ್ತು ತಲೆ ಮುಳುಗಿಸಿತ್ತು ಎಂದು ವರದಿ ಕೊಡುತ್ತಿದ್ದ. ನನಗಂತೂ ಆ ಪ್ರಾಣಿ ನಮ್ಮ ಬಾಡಿಗೆದಾರನೇನೋ ಅನ್ನಿಸತೊಡಗಿತ್ತು.

ಆದರೆ ನಿಯಮ? ಹಳ್ಳದ ಈಚೆ ದಡ ನಮ್ಮ ವಲಯ, ಆಚೆ ದಡ ಬೇರೆಯವರದು ಎಂದು ನಕಾಶೆ ಹರಡಿ ತೋರಿಸಿದೆ. ಮೂಸ್‌ಗೆ ಅದು ಗೊತ್ತಾ ಎಂದು ಕೇಳಿದ. ಮಾಂಸ ಹೊತ್ತು ತರುವಾಗ ಪ್ರಾಣಿ ಗಂಡೆಂಬ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಹತ್ತು ದಿನದೊಳಗೆ ಕೊಂಬು ತೋರಿಸಬೇಕು ಎಂದು ಓದಿ ಹೇಳಿದೆ. ತೂಕಡಿಸಿದ. ಎಲ್ಲಕ್ಕಿಂತ ಮುಖ್ಯವಾದದ್ದು ಟ್ಯಾಗಿನ ವಿಷಯ. ಅಂಗೈಯಗಲದ ಆ ಚೀಟಿಯ ಅಂಚಿನಲ್ಲಿ ಸುತ್ತಲೂ ಪುಟ್ಟ ಪುಟ್ಟ ತ್ರಿಕೋನಗಳಿರುತ್ತವೆ, ಹನ್ನೆರಡು ತಿಂಗಳಿಗೆ, ಮೂವತ್ತೊಂದು ದಿನಕ್ಕೆ. ಪ್ರಾಣಿ ಬಿದ್ದ ಕೂಡಲೇ, ಅದನ್ನು ಅಲುಗಿಸುವ ಮುಂಚೆಯೇ, ಆ ತಿಂಗಳಿನದೊಂದು ಆ ದಿನದ್ದೊಂದು ತ್ರಿಕೋನ ಪೂರ್ತಿ ಕತ್ತರಿಸಿ ತೆಗೆದು ಚೀಟಿಯನ್ನು ಪ್ರಾಣಿಗೆ ಕಟ್ಟಬೇಕು. ಹಿಂದಿನ ವರ್ಷ ಡ್ವೇನ್‌ನ ಪಕ್ಕದ ಮನೆಯವನು ಚೀಟಿ ಕಟ್ಟಿದ್ದ, ಕತ್ತರಿಸಲು ಮರೆತಿದ್ದ. ದಾರಿಯಲ್ಲಿ ಅಧಿಕಾರಿಗಳು ತಡೆದು ಪೂರ್ತಿ ಎಲ್ಕ್ ತೆಗೆದುಕೊಂಡು ಹೋದರು, ಕೊಂಬೂ ಸೇರಿ. ಹದಿನೆಂಟು ವರ್ಷ ಕಾದು ಕೊನೆಗೆ ನಮಗೂ ಹಾಗಾದರೆ ನಾನು ಬದುಕಿರುತ್ತಿರಲಿಲ್ಲ, ಅಥವಾ ವರ್ಲಿನ್ ಬದುಕಿರುತ್ತಿರಲಿಲ್ಲ.

ಆಗಸ್ಟ್ ಮೂವತ್ತೊಂದು, ಶುಕ್ರವಾರ, ಬೆಳಗಿನ ತಿಂಡಿಯ ಹೊತ್ತು. ಶನಿವಾರ ಬೇಟೆ ಶುರು. ಟ್ಯಾಗನ್ನು ಮೇಜಿನ ಮೇಲಿಟ್ಟು ಕೊನೆಯ ಸಲ ಹೇಳಿಕೊಡುತ್ತಿದ್ದೆ. ಅವನು ಹುರಿದ ಆಲೂಗಡ್ಡೆ ಅಗಿಯುತ್ತ, ಯಾವ ದಿನದ್ದು ಕತ್ತರಿಸಬೇಕು, ಸತ್ತ ದಿನದ್ದೋ ಮನೆಗೆ ತಂದ ದಿನದ್ದೋ ಎಂದು ಕೇಳಿದ. ಸತ್ತ ದಿನದ್ದು ಅಂದೆ. ಸ್ವಲ್ಪ ಹೊತ್ತಾದ ಮೇಲೆ, ಎರಡು ದಿನ ಹೊತ್ತು ತಂದರೆ ಎರಡು ಕತ್ತರಿಸಬೇಕೇನೋ ಅಂದ. ಇಲ್ಲ, ಸತ್ತ ದಿನದ್ದು ಅಂದೆ. ಮೂರನೆಯ ಸಲ ಮತ್ತೆ ಅದನ್ನೇ ಕೇಳಿದಾಗ ನನ್ನ ನೆತ್ತಿ ಕಾಯಿತು. ಹೊಲಿಗೆ ಬುಟ್ಟಿಯಿಂದ ಕತ್ತರಿ ಎಳೆದುಕೊಂಡೆ.

"ನೋಡು ಇಲ್ಲಿ. ಅದು ನಮ್ಮ ಮದುವೆ ದಿನ ಸತ್ತಿತು ಅಂತ ಇಟ್ಕೋ. ಜೂನ್ ಎಲ್ಲಿದೆ? ಇಲ್ಲಿದೆ. ಹದಿನಾಲ್ಕು ಎಲ್ಲಿದೆ? ಇಲ್ಲಿ. ಹೀಗೆ, ಹೀಗೆ. ಆಯ್ತು. ಇಷ್ಟೇ."

ಎರಡು ತ್ರಿಕೋನಗಳು ಬೆಣ್ಣೆಯ ತಟ್ಟೆಯೊಳಗೆ ಬಿದ್ದವು. ನಾವಿಬ್ಬರೂ ಅವನ್ನೇ ನೋಡುತ್ತ ಕೂತೆವು.

"ಈಗ ಅರ್ಥ ಆಯ್ತು ಕಣೆ," ಅಂದ ವರ್ಲಿನ್.

ಕತ್ತರಿಸಿದ ಟ್ಯಾಗು ಅಂದರೆ ಮುಗಿದ ಟ್ಯಾಗು. ಐವತ್ತೆಂಟನೆಯ ಪುಟದಲ್ಲಿದೆ, ನನಗೆ ಬಾಯಿಪಾಠ. ಬೆಣ್ಣೆ ಒರೆಸಿ ತ್ರಿಕೋನಗಳನ್ನು ಅಂಟುಪಟ್ಟಿಯಿಂದ ಅಂಟಿಸೋಣವೆಂದುಕೊಂಡೆ. ಐವತ್ತೊಂಬತ್ತನೆಯ ಪುಟ, ತಿದ್ದಿದ ಟ್ಯಾಗು ಇಟ್ಟುಕೊಂಡರೆ ಅದೇ ಒಂದು ಅಪರಾಧ. ವರ್ಲಿನ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಟ್ಟೆ ತೊಳೆದಿಟ್ಟು, ಟೋಪಿ ಹಾಕಿಕೊಂಡು, ವನ್ಯಜೀವಿ ಇಲಾಖೆಯ ಕಚೇರಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳಿದ. ಐದಕ್ಕೆ. ಶನಿವಾರ ಭಾನುವಾರ ರಜೆ, ಸೋಮವಾರ ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಬರುವ ಕಾರ್ಮಿಕ ದಿನದ ರಜೆ. ಎಪ್ಪತ್ತು ಮೈಲಿ ದಾರಿಯಲ್ಲಿ ಅವನು ಒಂದೇ ಮಾತಾಡಿದ್ದು, ಹುಲ್ಲು ಈ ಸಲ ಬೇಗ ಒಣಗಿದೆ ಎಂದು.

ಕಚೇರಿಯ ಕೌಂಟರಿನ ಹಿಂದೆ ಡಾರ್ಲಾ ಎಂಬ ಹೆಂಗಸಿದ್ದಳು, ನಲವತ್ತರ ಆಸುಪಾಸು, ಕನ್ನಡಕ ಹಣೆಯ ಮೇಲೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬದಲಿ ಟ್ಯಾಗಿನ ಅರ್ಜಿ ತೆಗೆದಳು. ಕಾರಣಕ್ಕೆ ಮೂರು ಚೌಕ: ಕಳೆದುಹೋಗಿದೆ, ಕಳವಾಗಿದೆ, ನಾಶವಾಗಿದೆ. ಹೆಂಡತಿ ಹೇಳಿಕೊಡಲು ಹೋಗಿ ಕತ್ತರಿಸಿದ್ದಾಳೆ ಎಂಬ ಚೌಕ ಇರಲಿಲ್ಲ. ಅವಳು ಕನ್ನಡಕ ಇಳಿಸಿ ಟ್ಯಾಗನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರ ಪ್ರಕಾರ ನೀವು ಜೂನ್ ಹದಿನಾಲ್ಕಕ್ಕೆ ಮೂಸ್ ಹೊಡೆದಿದ್ದೀರಿ."

"ಅವತ್ತು ನಾನು ಇವಳನ್ನ ಮದುವೆಯಾಗಿದ್ದು," ಅಂದ ವರ್ಲಿನ್.

ಅದರಿಂದ ಸಹಾಯವೇನೂ ಆಗಲಿಲ್ಲ. ಬೇಟೆಯ ಕಾಲವಲ್ಲದ ಕಾಲದಲ್ಲಿ ಹೊಡೆದೆವು ಎಂದು ನಾವೇ ಬರೆದುಕೊಟ್ಟ ಹಾಗಿದೆ ಎಂದು ಡಾರ್ಲಾ ತಲೆ ಕೆರೆದುಕೊಂಡು ಒಳಗಿನಿಂದ ಕಿಪ್ ಎಂಬ ಅಧಿಕಾರಿಯನ್ನು ಕರೆದಳು. ಹಸಿರು ಸಮವಸ್ತ್ರದ ಎತ್ತರದ ಆಳು. ಅವನು ಟ್ಯಾಗು ನೋಡಿದ, ವರ್ಲಿನ್‌ನನ್ನು ನೋಡಿದ, ಮತ್ತೆ ನೋಡಿದ.

"ಮೀನಿನವರಲ್ವಾ ನೀವು?"

ಹೌದು, ನನ್ನ ಗಂಡ ಮೀನಿನವನು. ಆರು ವರ್ಷದ ಹಿಂದೆ, ಹಿಡಿಯಬಹುದಾದ ಅಳತೆಗಿಂತ ಅರ್ಧ ಇಂಚು ಗಿಡ್ಡವಿದ್ದ ಟ್ರೌಟ್ ಮೀನೊಂದು ಗಾಳ ನುಂಗಿ ಸತ್ತುಹೋಗಿತ್ತು. ನೀರಿಗೆ ಬಿಸಾಡಿ ಬಂದಿದ್ದರೆ ಕೇಳುವವರಿರಲಿಲ್ಲ. ಇವನು ಅದನ್ನು ಪತ್ರಿಕೆಯಲ್ಲಿ ಸುತ್ತಿ, ಎಪ್ಪತ್ತು ಮೈಲಿ ಓಡಿಸಿಕೊಂಡು ಬಂದು, ಇದೇ ಕೌಂಟರಿನ ಮೇಲಿಟ್ಟು ತಪ್ಪೊಪ್ಪಿಕೊಂಡಿದ್ದ. ಬೇಸಿಗೆಯ ನಡುಮಧ್ಯಾಹ್ನ ಅದು. ಕಚೇರಿ ಎರಡು ದಿನ ನಾರುತ್ತಿತ್ತು ಎಂದು ಕಿಪ್ ಹೇಳಿದ.

ಅವನಿಗೆ ನಮ್ಮ ಮೇಲೆ ಅನುಮಾನ ಉಳಿಯಲಿಲ್ಲ. ಟ್ಯಾಗು ಕೊಂಡದ್ದು ಜುಲೈ ಒಂಬತ್ತಕ್ಕೆ, ಜೂನ್‌ನಲ್ಲಿ ಅದು ಹುಟ್ಟೇ ಇರಲಿಲ್ಲ, ಹುಟ್ಟದ ಚೀಟಿಯಲ್ಲಿ ಯಾರು ಏನು ಹೊಡೆಯುತ್ತಾರೆ ಎಂದು ತಾನೇ ವಾದ ಹೂಡಿ ತಾನೇ ತೀರ್ಪು ಕೊಟ್ಟ. ಆದರೆ ತಾನು ನಂಬಿದರೆ ಏನು ಬಂತು, ಕಂಪ್ಯೂಟರಿಗೆ ಮೂರರಲ್ಲಿ ಒಂದು ಚೌಕ ಬೇಕು ಎಂದು ಕೈಚೆಲ್ಲಿದ. ರಾಜಧಾನಿಯ ಮುಖ್ಯ ಕಚೇರಿಗೆ ಫೋನು ಹಚ್ಚಿದರು. ಅಲ್ಲಿಯವರು ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಬಂದವರು ಇನ್ನೊಬ್ಬರನ್ನು ಕೇಳಬೇಕೆಂದರು, ಆ ಇನ್ನೊಬ್ಬರು ರಜೆಯ ವಾರಾಂತ್ಯಕ್ಕೆ ಬೇಗ ಹೊರಡುವ ತರಾತುರಿಯಲ್ಲಿದ್ದರು. ಕೊನೆಗೆ ಮೂರೂವರೆಗೆ ಉತ್ತರ ಬಂತು: ಕತ್ತರಿಸಿದ್ದು ಕತ್ತರಿಸಿದ್ದೇ. ನಾಶವಾಗಿದೆ ಅಂದರೆ ಇಲ್ಲವೇ ಇಲ್ಲ ಎಂದರ್ಥ. ನಿಮ್ಮ ಮೇಜಿನ ಮೇಲೆ ಇದೆಯಲ್ಲ.

ಡಾರ್ಲಾ ಒಳ್ಳೆಯವಳು. ಅವಳು ವರ್ಲಿನ್‌ನ ಕಡೆ ಬಾಗಿ, ಮೆಲ್ಲಗೆ, ನೀವು ಒಮ್ಮೆ ಗಾಡಿಯ ತನಕ ಹೋಗಿ ಬನ್ನಿ, ವಾಪಸ್ಸು ಬರುವಾಗ ಈ ಚೀಟಿ ಎಲ್ಲೋ ಬಿದ್ದುಹೋಗಿದ್ದರೆ ಎರಡು ನಿಮಿಷದ ಕೆಲಸ ಎಂದಳು. ಕಿಪ್ ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತ. ನಾನು ವರ್ಲಿನ್‌ನ ಮೊಣಕೈಗೆ ತಿವಿದೆ.

ಅವನು ಅಲ್ಲಾಡಲಿಲ್ಲ. "ಕಳೆದಿಲ್ವಲ್ಲಮ್ಮ," ಅಂದ. "ಪ್ರಮಾಣ ಮಾಡಿ ಸಹಿ ಹಾಕು ಅಂತೀಯ. ಇಲ್ಲೇ ಇದೆ ನೋಡು."

"ವರ್ಲಿನ್, ಹದಿನೆಂಟು ವರ್ಷ," ಅಂದೆ ನಾನು.

"ಗೊತ್ತು ಕಣೆ. ಅದಕ್ಕೇ. ಹದಿನೆಂಟು ವರ್ಷ ಕಾದು ಸುಳ್ಳು ಹೇಳಿ ಹೊಡೆದರೆ, ಆ ಮೂಸನ್ನ ಗೋಡೆ ಮೇಲೆ ಹೇಗೆ ನೋಡ್ಲಿ?"

ಇಷ್ಟು ಹೇಳಿ ಅಲ್ಲಿದ್ದ ಕಬ್ಬಿಣದ ಕುರ್ಚಿಯಲ್ಲಿ ಕೂತುಬಿಟ್ಟ. ಕೂರುವಾಗ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಸಿಕೊಂಡ. ಮನೆಯಲ್ಲಿ ನಾನು ನೋಡದಿರುವಾಗ ಮಾತ್ರ ಹಾಗೆ ಮಾಡುತ್ತಾನೆ ಅಂದುಕೊಂಡಿದ್ದೆ. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬೈಯೋಣವೆಂದರೆ, ಕತ್ತರಿ ಹಿಡಿದ ಕೈ ನನ್ನದು. ಅವನ ಹನ್ನೊಂದು ದಿನವನ್ನು ನಾನು ಬೆಣ್ಣೆ ತಟ್ಟೆಯಲ್ಲಿ ಬೀಳಿಸಿದ್ದೆ.

ನಾಲ್ಕು ಗಂಟೆ. ನಾನು ಕೌಂಟರಿಗೆ ಹೋದೆ. ನಾಶವಾಗಿದೆ ಎಂಬ ಚೌಕಕ್ಕೆ, ಯಾರು ಹೇಗೆ ನಾಶ ಮಾಡಿದರು ಎಂದು ಬರೆಯಲು ಜಾಗ ಇದೆಯೇ ಎಂದು ಡಾರ್ಲಾಳನ್ನು ಕೇಳಿದೆ. ಇದೆ, ಎರಡು ಗೆರೆ ಅಂದಳು. ಯಾವಾಗ ನಾಶವಾಗಿರಬೇಕು ಎಂದು ನಿಯಮವಿದೆಯೇ ಎಂದು ಕೇಳಿದೆ. ಅವಳು ಕಿಪ್‌ನ ಮುಖ ನೋಡಿದಳು. ಕಿಪ್ ಇಲ್ಲ ಎಂದ. ಹಾಗಾದರೆ ಅದನ್ನೊಮ್ಮೆ ಕೊಡಿ, ನೋಡಬೇಕು ಅಂದೆ. ಕೊಟ್ಟಳು. ಕೌಂಟರಿನ ತುದಿಯಲ್ಲಿ ಹಳೆಯ ಅರ್ಜಿಗಳನ್ನು ಚೂರು ಮಾಡುವ ಯಂತ್ರವಿತ್ತು. ಅಂಥದ್ದೇ ಯಂತ್ರದ ಜೊತೆ ನಾನು ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಹಸಿರು ಗುಂಡಿ ಒತ್ತಿ, ಟ್ಯಾಗನ್ನು ಅದರ ಬಾಯಿಗೆ ಕೊಟ್ಟೆ. ಗರ್ರೆಂದಿತು, ನುಂಗಿತು, ಸುಮ್ಮನಾಯಿತು.

"ಈಗ ಇದೆಯಾ?" ಅಂದೆ.

ಕಿಪ್ ಹಣೆ ಒರೆಸಿಕೊಂಡ.

"ಮೇಡಂ, ಅದು ಸಾಕ್ಷ್ಯ ಆಗಿರಬಹುದಿತ್ತು."

"ಯಾವುದಕ್ಕೆ? ಹುಟ್ಟದ ಚೀಟಿಯಲ್ಲಿ ಸತ್ತ ಮೂಸ್‌ಗಾ?"

ಡಾರ್ಲಾ ಕುರ್ಚಿ ತಿರುಗಿಸಿ ನಮಗೆ ಬೆನ್ನು ಹಾಕಿ ಕೂತಳು. ಅವಳ ಹೆಗಲು ಕುಲುಕುತ್ತಿತ್ತು. ಮತ್ತೆ ತಿರುಗಿದಾಗ ಮುಖ ಗಂಭೀರವಾಗಿತ್ತು, ಕಣ್ಣು ಒದ್ದೆಯಾಗಿತ್ತು, ಅರ್ಜಿಯಲ್ಲಿ ಮೂರನೆಯ ಚೌಕಕ್ಕೆ ಗುರುತು ಹಾಕಿದ್ದಳು. ಸಹಿಗೆ ವರ್ಲಿನ್‌ನನ್ನು ಕರೆದಳು. ಎರಡು ಗೆರೆಯ ಜಾಗದಲ್ಲಿ "ಹೆಂಡತಿ, ಯಂತ್ರದಿಂದ" ಎಂದು ಬರೆದು ಮುಗಿಸುವುದಲ್ಲವೇ? ಅವನು ಬೆಳಗಿನ ಆಲೂಗಡ್ಡೆಯಿಂದ ಶುರುಮಾಡಿದ. ಗೆರೆ ಮುಗಿಯಿತು, ಅಂಚಿನಲ್ಲಿ ಬರೆದ, ಹಾಳೆ ತಿರುಗಿಸಿ ಹಿಂಭಾಗದಲ್ಲಿ ಬರೆದ. ಮದುವೆಯ ವರ್ಷವನ್ನೂ ಹಾಕಿದ. ನಾಲ್ಕು ಐವತ್ತು ಆಗಿತ್ತು. ಕಿಪ್ ಅದನ್ನು ಪೂರ್ತಿ ಓದಿ, ಸಾಕ್ಷಿ ಎಂಬಲ್ಲಿ ತನ್ನ ಸಹಿ ಹಾಕಿ, ಇನ್ನು ನಾಲ್ಕು ದಿನ ಈ ಕಟ್ಟಡದ ಹತ್ತಿರ ಬರಬೇಡಿ ಎಂದು ಬೇಡಿಕೊಂಡ.

ಹೊಸ ಟ್ಯಾಗನ್ನು ವರ್ಲಿನ್ ಅಂಗಿಯ ಎದೆಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ. ಆಮೇಲೆ ನಾನು ಆ ಕಡೆ ಕೈ ಚಾಚಿದರೆ ಸಾಕು, ಜೇಬಿನ ಮೇಲೆ ಅಂಗೈ ಮುಚ್ಚುತ್ತಿದ್ದ.

ಬೇಟೆಯ ಆರನೆಯ ದಿನ ಬೆಳಿಗ್ಗೆ ಆ ಮೂಸ್ ಸಿಕ್ಕಿತು. ನಾನು ಕಟ್ಟೆಯ ಕೆಳಗೆ, ಮಾಂಸ ಹೊರಿಸಲು ತಂದಿದ್ದ ಹೇಸರಗತ್ತೆಯನ್ನು ಹಿಡಿದು ನಿಂತಿದ್ದೆ. ಒಂದೇ ಗುಂಡು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ವಿಲೋ ಕೊಂಬೆ ಸರಿಸಿಕೊಂಡು ಹತ್ತಿ ಹೋದಾಗ ವರ್ಲಿನ್ ಕೋಲೂರಿಕೊಂಡು ಅದರ ಪಕ್ಕ ನಿಂತಿದ್ದ. ಹಳ್ಳದಿಂದ ಈಚೆ, ನಮ್ಮ ವಲಯದೊಳಗೆ. ನಾನು ಮೊದಲು ನೋಡಿದ್ದು ಅದನ್ನೇ. ಬಿದ್ದಿದ್ದರೂ ಮೂಸ್‌ನ ಭುಜ ನನ್ನ ಸೊಂಟದೆತ್ತರಕ್ಕಿತ್ತು. ಅವನು ಟೋಪಿ ತೆಗೆದಿದ್ದ.

ಆಮೇಲೆ ಅವನು ಜೇಬಿನ ಗುಂಡಿ ಬಿಚ್ಚಿ ಟ್ಯಾಗು ತೆಗೆದ. ಆ ತ್ರಿಕೋನಗಳೋ ಇರುವೆಯಷ್ಟಿವೆ. ನನ್ನ ಕಡೆ ಚಾಚಿದ.

"ನೀನೇ ಕತ್ತರಿಸು. ನಿನಗೆ ಅಭ್ಯಾಸ ಇದೆ."

ಆಗಲ್ಲ ಅಂದೆ. ಹೊಡೆದವನೇ ಕತ್ತರಿಸಬೇಕು, ಐವತ್ತೆಂಟನೆಯ ಪುಟ. ಕೋಟಿನ ಜೇಬಿನಿಂದ ಹೊಲಿಗೆಯ ಕತ್ತರಿ ತೆಗೆದು ಕೊಟ್ಟೆ, ಓದುವ ಕನ್ನಡಕವನ್ನು ಅವನ ಮೂಗಿನ ಮೇಲೇರಿಸಿದೆ. ಅವನು ಟ್ಯಾಗನ್ನು ಬೆಳಕಿಗೆ ಹಿಡಿದು, ಕತ್ತರಿ ಬಿಚ್ಚಿ, ತಡೆದ.

"ನೋರೀನ್, ಸತ್ತ ದಿನದ್ದೋ, ಮನೆಗೆ ತಂದ ದಿನದ್ದೋ?"

ನಲವತ್ತಾರು ವರ್ಷವಾದರೂ ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂದು ಮುಖ ನೋಡಿ ಹೇಳುವುದು ನನಗೆ ಬರುವುದಿಲ್ಲ. ನಾನು ಬಿದ್ದ ಮರದ ಮೇಲೆ ಕೂತೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅವನು ಕತ್ತರಿಸುವುದನ್ನು ಕಾದೆ.