ಕಲ್ಲು ಮೊದಲು, ಕಪ್ಪೆ ಆಮೇಲೆ

“ಅವರು ಒಂದು ಸಲ ಸೀನಿದ್ರೆ ಸಾಕು, ಏಳು ಬೆಟ್ಟದ ಕಪ್ಪೆಗಳೆಲ್ಲ ಒಟ್ಟಿಗೆ ‘ನೂರು ವರ್ಷ!’ ಅಂತಿದ್ವು ಕಣ್ರೀ. ಈ ಎರಡು ಕಿವಿಯಾರೆ ಕೇಳಿದೀನಿ,” ಎನ್ನುತ್ತಲೇ ಜೀಪಿನ ಡ್ರೈವರ್ ಶವಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ.

ಮೆಟ್ಟಿಲಿಳಿಯುತ್ತಿದ್ದವರಲ್ಲಿ ಒಬ್ಬನಿಗೆ ನಗು ಬಂದು ಪೆಟ್ಟಿಗೆ ಅಲುಗಿತು.

“ಕಪ್ಪೆಗಳ ಹಾರೈಕೆ ಫಲಿಸಲಿಲ್ಲ ಬಿಡು,” ಎಂದಳು ಹಿಂದೆ ಬರುತ್ತಿದ್ದ ಸತ್ತವರ ಅಕ್ಕ, ಮೂಗೊರೆಸಿಕೊಳ್ಳುತ್ತ. “ನಿನ್ನ ಬುರುಡೆಗೆ ಇವತ್ತೊಂದು ದಿನವಾದ್ರೂ ರಜಾ ಇಲ್ವೇನಯ್ಯಾ?”

“ರಜಾ ಕೊಟ್ರೆ ಅತ್ತುಬಿಡ್ತೀನಿ ಅಕ್ಕಾ.”

ಪೆಟ್ಟಿಗೆಯಲ್ಲಿದ್ದವರನ್ನು ಎಲ್ಲರೂ ಕಪ್ಪೆ ಮೇಷ್ಟ್ರು ಎನ್ನುತ್ತಿದ್ದರು. ಯಾವ ಮಗುವಿಗೂ ಅವರು ಅಕ್ಷರ ಕಲಿಸಿದವರಲ್ಲ. ಮರ ಕಡಿಯಲೆಂದೇ ಬೆಳೆಸಿದ ಕಾಡಿನಲ್ಲಿ, ಗರಗಸ ಬರುವ ಮೊದಲು ತೊರೆಗಿಳಿದು, ಒಂದೊಂದೇ ಕಲ್ಲೆತ್ತಿ, ಅಡಿಯಲ್ಲಿ ಕಪ್ಪೆಯಿದೆಯೇ ಎಂದು ನೋಡುವುದು ಅವರ ಕೆಲಸ. ಕಪ್ಪೆಯಿದ್ದರೆ ದಡದ ಮರಗಳಿಗೆ ಗರಗಸ ತಾಗುವಂತಿರಲಿಲ್ಲ. ನೆರಳು ಹೋದರೆ ನೀರು ಕಾಯುತ್ತದೆ, ನೀರು ಕಾದರೆ ಕಪ್ಪೆ ಬಾಳದು. ಮೇಷ್ಟ್ರು ಎತ್ತಿಟ್ಟ ಕಲ್ಲುಗಳನ್ನು ಪೇರಿಸಿದ್ದರೆ ಚಂದ್ರನಿಗೆ ಮೆಟ್ಟಿಲಾಗುತ್ತಿತ್ತು, ಮಿಕ್ಕಿದ್ದರಲ್ಲಿ ತನಗೊಂದು ಮನೆಯೂ ಆಗುತ್ತಿತ್ತು ಎಂಬುದು ಡ್ರೈವರನ ಲೆಕ್ಕ.

ಸ್ಮಶಾನದ ಗೇಟಿನ ಬಳಿ ಹೆಗಲು ಬದಲಿಸುವಾಗ ಮೇಷ್ಟ್ರ ಮಗಳು ಅವನ ತೋಳು ಹಿಡಿದಳು.

“ಮಾಮ, ಕೊನೇಲಿ ಜೊತೆಗಿದ್ದೋರು ನೀವೊಬ್ರೇ. ಅಪ್ಪ ನನಗೆ ಏನಾದ್ರೂ ಹೇಳಿದ್ರಾ?”

“ಏನಾದ್ರೂ ಅಂತೀಯಲ್ಲ! ತೊರೆ ಮಧ್ಯೆ ಕೂತ್ಕೊಂಡು ನಿನ್ನ ಗುಣಗಾನ ಮಾಡಿದ್ದೇ ಮಾಡಿದ್ದು ಕಣಮ್ಮಾ. ‘ನನ್ನ ಮಗಳು ಬಂಗಾರ’ ಅಂತ ಕೂಗಿದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಹೆಗಲ ಮೇಲೆ ಹೊತ್ಕೊಂಡು ಓಡಿದೆ ನೋಡು, ದಾರಿಯುದ್ದಕ್ಕೂ ಅದೇ ಮಾತು...”

ಅವಳು ಅವನ ಮುಖವನ್ನೇ ನೋಡಿದಳು.

“ತೊರೇಲಿ ಕೂಗಿದ್ರಾ? ನಮ್ಮಪ್ಪ?”

*

ಆಗ ಅವಳಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಡ್ರೈವರ್ ದಡದಲ್ಲಿದ್ದ. ಅಪ್ಪನ ಹಿಂದೆ ನೀರಲ್ಲಿ ನಡೆಯುತ್ತ ಹುಡುಗಿ ಜಾರಿಬಿದ್ದಳು, ಮೊಣಕಾಲಲ್ಲಿ ರಕ್ತ. ಅಳಲು ಬಾಯಿ ತೆರೆದಾಗ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. ತೊರೆಗಿಳಿದ ಮೇಲೆ ಮಾತಿಲ್ಲ. ಅದು ಅವರ ಕಟ್ಟಳೆ. ಒಂದು ಅಂಗೈಯಲ್ಲಿ ಕಪ್ಪೆಯಿತ್ತು. ಎತ್ತಿದ ಕಲ್ಲನ್ನು ಅದೇ ಗುಳಿಯಲ್ಲಿ, ಒದ್ದೆ ಬದಿ ಕೆಳಗಾಗುವಂತೆ ಕೂರಿಸಿದರು. ಆಮೇಲೆ ಅಂಗೈಯನ್ನು ಪಕ್ಕದಲ್ಲಿ ಬಿಚ್ಚಿದರು. ಕಪ್ಪೆ ತಾನೇ ತೆವಳಿ ಒಳಸೇರಿತು. ಕಲ್ಲು ಮೊದಲು, ಕಪ್ಪೆ ಆಮೇಲೆ. ಇಲ್ಲದಿದ್ದರೆ ಅದು ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿ.

ಮೊಣಕಾಲಿನ ಸರದಿ ಅದಾದ ಮೇಲೆ ಬಂತು.

*

ಡ್ರೈವರನ ನಾಲಿಗೆಯ ತುದಿಯಲ್ಲಿ ಮುಂದಿನ ಬುರುಡೆ ತಯಾರಿತ್ತು. ಹೊರಡಲಿಲ್ಲ.

“ಇಲ್ಲಮ್ಮಾ. ಏನೂ ಹೇಳಲಿಲ್ಲ,” ಎಂದ. “ಜೀಪಲ್ಲಿ ಅವರ ಫೋನು ಬಡ್ಕೊಳ್ತಿತ್ತು. ನೀನು ಮಾಡಿದ್ದು. ಹಿಡ್ಕೊಂಡು ಇಳಿದೆ. ನೀರಲ್ಲೇ ಕೂತ್ಬಿಟ್ಟಿದ್ರು, ಮುಖ ಸುಣ್ಣದ ಹಾಗೆ. ಒಂದು ಕೈಲಿ ಕಪ್ಪೆ. ‘ಮಗಳು’ ಅಂತ ಫೋನ್ ತೋರಿಸ್ದೆ. ಇನ್ನೊಂದು ಕೈ ಎತ್ತಿ...” ಅವನು ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡ. “ಆಮೇಲೆ ಕಲ್ಲು ತೋರಿಸಿದ್ರು. ಕೂರಿಸ್ದೆ. ತಿರುಗಿ ನೋಡಿದ್ರೆ ಅಂಗೈ ಬಿಚ್ಚಿತ್ತು. ಕಪ್ಪೆ ಹೋಗಿತ್ತು. ಅವರೂ.”

ಅವಳು ಹಿಡಿದ ತೋಳು ಬಿಡಲಿಲ್ಲ.

“ಹೊತ್ಕೊಂಡು ಓಡಿದ್ದೂ ಸುಳ್ಳು. ಎತ್ತೋಕೇ ಆಗಲಿಲ್ಲ. ಜನ ಬರೋವರೆಗೂ ಪಕ್ಕದಲ್ಲಿ ಕೂತಿದ್ದೆ. ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೊಂದೇ ಸಲ.”

ಮಣ್ಣು ಮುಚ್ಚಿದ ಮೇಲೆ ತಲೆಯ ಕಡೆಗಿಡಲು ಯಾರೋ ಒಂದು ಚಪ್ಪಟೆ ಕಲ್ಲು ಕಿತ್ತು ತಂದರು. ಮಗಳು ಅದನ್ನು ಇಸಿದುಕೊಂಡಳು. ಮಗುಚಿ, ಒದ್ದೆ ಬದಿ ಕೆಳಗೆ ಮಾಡಿ, ಸದ್ದಾಗದಂತೆ ಕೂರಿಸಿದಳು. ಆಮೇಲೆ ಮುಚ್ಚಿದ ಮುಷ್ಟಿಯನ್ನು ಕಲ್ಲಿನ ಪಕ್ಕ ನೆಲಕ್ಕಿಟ್ಟು ಬೆರಳುಗಳನ್ನು ಮೆಲ್ಲಗೆ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ.

ಆದರೂ ಡ್ರೈವರ್ ತನ್ನ ಕಾಲನ್ನು ಹಿಂದಕ್ಕೆಳೆದು ದಾರಿ ಬಿಟ್ಟ.